ಇಂಡಕ್ಷನ್ ಮೋಟಾರಿನ ವೇಗ, ಪೋಲ್ ಮತ್ತು ಫ್ರೀಕ್ವೆನ್ಸಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮೋಟಾರಿನ ವೇಗದ ಬಗ್ಗೆ ನನ್ನ ಬಳಿ ಬರುವ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ನಂಬಿಕೆಯಿಂದ ಹುಟ್ಟಿದವು: ವೋಲ್ಟೇಜು ಏರಿದರೆ ಮೋಟಾರು ಜೋರಾಗಿ ತಿರುಗುತ್ತದೆ, ಇಳಿದರೆ ನಿಧಾನವಾಗುತ್ತದೆ. ಡಿಸಿ ಮೋಟಾರಿನ ಮಟ್ಟಿಗೆ ಅದು ನಿಜ. ಇಂಡಕ್ಷನ್ ಮೋಟಾರು ಬೇರೆ ಜಾತಿಯದು. ಅದರ ವೇಗವನ್ನು ವೈಂಡಿಂಗ್ ಮಾಡಿದವನು (ಅಂದರೆ ಒಳಗಿನ ತಾಮ್ರದ ತಂತಿ ಸುತ್ತಿದವನು) ಮತ್ತು ವಿದ್ಯುತ್ ಉತ್ಪಾದಿಸುವವನು ಸೇರಿ ಮೊದಲೇ ಗೊತ್ತು ಮಾಡಿರುತ್ತಾರೆ. ಲೋಡಿಗೂ (ಮೋಟಾರು ಎಳೆಯುವ ಹೊರೆ) ವೋಲ್ಟೇಜಿಗೂ ಅದರಲ್ಲಿ ಚೂರುಪಾರು ಕಸಿದುಕೊಳ್ಳುವಷ್ಟೇ ಅಧಿಕಾರ. ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು, ಸುಲಭದಿಂದ ಕಠಿಣದ ಕಡೆಗೆ ಜೋಡಿಸಿದ್ದೇನೆ.

## ಮೊದಲ ಮೆಟ್ಟಿಲು

ಮೋಟಾರಿನ ವೇಗವನ್ನು ನಿರ್ಧರಿಸುವುದು ಯಾವುದು? ಸುತ್ತಿಬಳಸದೆ ಹೇಳಿ.

ಎರಡೇ ಸಂಗತಿ: ಮೋಟಾರಿಗೆ ಕೊಡುವ ವಿದ್ಯುತ್ತಿನ ಫ್ರೀಕ್ವೆನ್ಸಿ (ಪ್ರವಾಹ ಸೆಕೆಂಡಿಗೆ ಮುಗಿಸುವ ಆವೃತ್ತಿಗಳ ಸಂಖ್ಯೆ) ಮತ್ತು ಸ್ಟೇಟರ್, ಅಂದರೆ ಮೋಟಾರಿನ ತಿರುಗದ ಭಾಗದ ವೈಂಡಿಂಗಿನಲ್ಲಿ ಕಟ್ಟಿರುವ ಪೋಲ್‌ಗಳ (ಕಾಂತಧ್ರುವಗಳ) ಸಂಖ್ಯೆ. ಸ್ಟೇಟರ್‌ನಲ್ಲಿ ಕಾಂತಕ್ಷೇತ್ರ ತಿರುಗುವ ವೇಗಕ್ಕೆ ಸಿಂಕ್ರೊನಸ್ ವೇಗ ಎಂದು ಹೆಸರು. ಲೆಕ್ಕ ಹೀಗೆ:

ಸಿಂಕ್ರೊನಸ್ ವೇಗ (ನಿಮಿಷಕ್ಕೆ ಸುತ್ತು) = 120 × ಫ್ರೀಕ್ವೆನ್ಸಿ ÷ ಪೋಲ್‌ಗಳ ಸಂಖ್ಯೆ

50 ಹರ್ಟ್ಸ್ ಇದ್ದರೆ 2 ಪೋಲ್‌ಗೆ 3000, 4 ಪೋಲ್‌ಗೆ 1500, 6 ಪೋಲ್‌ಗೆ 1000, 8 ಪೋಲ್‌ಗೆ 750 ಸುತ್ತು. 60 ಹರ್ಟ್ಸ್ ಇರುವ ದೇಶಗಳಲ್ಲಿ ಇವೇ 3600, 1800, 1200, 900 ಆಗುತ್ತವೆ. ನೆನಪಿಡಲು ಸುಲಭದ ದಾರಿ: 50 ಹರ್ಟ್ಸ್‌ಗೆ 6000ವನ್ನು, 60 ಹರ್ಟ್ಸ್‌ಗೆ 7200ನ್ನು ಪೋಲ್‌ಗಳ ಸಂಖ್ಯೆಯಿಂದ ಭಾಗಿಸಿ. ಮೋಟಾರು ನಿಜವಾಗಿ ತಿರುಗುವುದು ಈ ಅಂಕಿಗಿಂತ ತುಸು ಕಡಿಮೆ ವೇಗದಲ್ಲಿ.

ಸೂತ್ರದಲ್ಲಿರುವ ಆ 120 ಎಲ್ಲಿಂದ ಬಂತು?

ಅದು 60 ಗುಣಿಸು 2. ಫ್ರೀಕ್ವೆನ್ಸಿ ಸೆಕೆಂಡಿನ ಲೆಕ್ಕ, ನಮಗೆ ಬೇಕಾದ್ದು ನಿಮಿಷದ ಲೆಕ್ಕ, ಹಾಗಾಗಿ 60. ಇನ್ನು 2 ಏಕೆಂದರೆ, ವಿದ್ಯುತ್ ಪ್ರವಾಹ ಒಂದು ಪೂರ್ತಿ ಆವೃತ್ತಿ ಮುಗಿಸುವಷ್ಟರಲ್ಲಿ ಕಾಂತಕ್ಷೇತ್ರ ಒಂದು ಉತ್ತರ ಧ್ರುವ ಮತ್ತು ಒಂದು ದಕ್ಷಿಣ ಧ್ರುವದಷ್ಟು ದೂರ, ಅಂದರೆ ಎರಡು ಪೋಲ್‌ನಷ್ಟು ದೂರ ಸಾಗುತ್ತದೆ. ಎರಡೇ ಪೋಲ್ ಇದ್ದರೆ ಆ ದೂರ ಒಂದು ಪೂರ್ತಿ ಸುತ್ತು. ನಾಲ್ಕಿದ್ದರೆ ಅರ್ಧ ಸುತ್ತು. ಪೋಲ್ ಹೆಚ್ಚಿದಷ್ಟೂ ಅದೇ ಸುತ್ತಿನಲ್ಲಿ ಮೆಟ್ಟಿಲುಗಳು ಹೆಚ್ಚು, ಪ್ರತಿ ಆವೃತ್ತಿಗೆ ಸಾಗುವ ದೂರ ಕಡಿಮೆ.

ತಿರುಗುವ ಕಾಂತಕ್ಷೇತ್ರ ಎನ್ನುತ್ತೀರಿ. ಸ್ಟೇಟರ್ ಅಲ್ಲಾಡುವುದೇ ಇಲ್ಲ. ಹಾಗಾದರೆ ತಿರುಗುವುದು ಏನು?

ಗಾಳಿ ಬೀಸಿದಾಗ ಪೈರಿನ ಮೇಲೆ ಅಲೆ ಓಡುವುದನ್ನು ನೋಡಿರುತ್ತೀರಿ. ಒಂದು ತೆನೆಯೂ ನಿಂತ ಜಾಗ ಬಿಟ್ಟು ಹೋಗುವುದಿಲ್ಲ. ಸರದಿಯ ಮೇಲೆ ಬಾಗಿ ಏಳುತ್ತವೆ ಅಷ್ಟೇ. ಅಲೆ ಮಾತ್ರ ಗದ್ದೆಯ ಈ ಬದುವಿನಿಂದ ಆ ಬದುವಿಗೆ ಹೋಗಿರುತ್ತದೆ. ಸ್ಟೇಟರ್‌ನೊಳಗೂ ಇದೇ ನಡೆಯುತ್ತದೆ. ಮೂರು ಫೇಸ್‌ಗಳ ಕಾಯಿಲ್‌ಗಳನ್ನು ಸುತ್ತಲೂ ಸರದಿಯಂತೆ ಹಂಚಿಟ್ಟಿರುತ್ತಾರೆ. ಅವುಗಳಲ್ಲಿ ಪ್ರವಾಹ ಒಂದರ ನಂತರ ಒಂದು ಶಿಖರ ಮುಟ್ಟುತ್ತದೆ. ಕಾಂತಶಕ್ತಿ ಹೆಚ್ಚಿರುವ ಜಾಗ ಒಂದು ಕಾಯಿಲ್‌ನಿಂದ ಪಕ್ಕದ ಕಾಯಿಲ್‌ಗೆ ಜಾರುತ್ತಾ ಸುತ್ತು ಹಾಕುತ್ತದೆ. ರೋಟರ್, ಅಂದರೆ ಮೋಟಾರಿನ ತಿರುಗುವ ಭಾಗ, ಬೆನ್ನಟ್ಟುವುದು ಈ ಅಲೆಯನ್ನು.

1880ರ ದಶಕದಲ್ಲಿ ಇಟಲಿಯ ಗೆಲಿಲಿಯೊ ಫೆರಾರಿಸ್ ಮತ್ತು ಅಮೆರಿಕದಲ್ಲಿದ್ದ ನಿಕೋಲಾ ಟೆಸ್ಲಾ ಬೇರೆ ಬೇರೆಯಾಗಿ ಈ ದಾರಿಗೆ ಬಂದರು. ಇಬ್ಬರ ಕೆಲಸವೂ ಪ್ರಕಟವಾದದ್ದು 1888ರಲ್ಲಿ. ಇಂದು ನಾವು ಬಳಸುವ ಮೂರು ಫೇಸ್‌ನ, ಪಂಜರದಂತಹ ರೋಟರ್ ಇರುವ ಮೋಟಾರಿಗೆ ರೂಪ ಕೊಟ್ಟವರು ಮಿಖಾಯಿಲ್ ಡೊಲಿವೊ-ದೊಬ್ರೊವೊಲ್‌ಸ್ಕಿ. ಅದರ ಮೈಕಟ್ಟು ಅಂದಿನಿಂದ ಆಶ್ಚರ್ಯವಾಗುವಷ್ಟು ಕಡಿಮೆ ಬದಲಾಗಿದೆ.

ಲೆಕ್ಕದಲ್ಲಿ 1500 ಬರುತ್ತದೆ, ನೇಮ್‌ಪ್ಲೇಟಿನಲ್ಲಿ 1440 ಎಂದಿದೆ. ಮೋಟಾರಿನಲ್ಲಿ ಏನೋ ಕೊರತೆಯೇ?

ಇಲ್ಲ. ಆ 60 ಸುತ್ತಿನ ವ್ಯತ್ಯಾಸ ಇರುವುದರಿಂದಲೇ ಮೋಟಾರು ಕೆಲಸ ಮಾಡುತ್ತದೆ. ಪಂಜರದ ರೋಟರ್‌ಗೆ ಹೊರಗಿನಿಂದ ಯಾವ ತಂತಿಯೂ ಬರುವುದಿಲ್ಲ. ಅದರ ಸರಳುಗಳನ್ನು ಕಾಂತಕ್ಷೇತ್ರ ಹಾದುಹೋದಾಗ ಮಾತ್ರ ಅವುಗಳಲ್ಲಿ ಪ್ರವಾಹ ಹುಟ್ಟುತ್ತದೆ, ಆ ಪ್ರವಾಹದಿಂದಲೇ ತಿರುಗುವ ಬಲ. ರೋಟರ್ ಕ್ಷೇತ್ರದ ಸಮಕ್ಕೆ ಓಡಿತು ಎಂದುಕೊಳ್ಳಿ. ಆಗ ಯಾವುದೂ ಯಾವುದನ್ನೂ ಹಾದುಹೋಗುವುದಿಲ್ಲ, ಪ್ರವಾಹವಿಲ್ಲ, ಬಲವಿಲ್ಲ. ತಕ್ಷಣ ಹಿಂದೆ ಬೀಳುತ್ತದೆ. ಎಷ್ಟು ಹಿಂದೆ ಬಿದ್ದರೆ ಲೋಡನ್ನು ಎಳೆಯುವಷ್ಟು ಪ್ರವಾಹ ಹುಟ್ಟುತ್ತದೋ ಅಲ್ಲಿ ನಿಲ್ಲುತ್ತದೆ.

ಈ ಹಿಂದುಳಿಯುವಿಕೆಗೆ ಸ್ಲಿಪ್ ಎಂದು ಹೆಸರು. ಇಲ್ಲಿ ಅದು 60 ÷ 1500, ಅಂದರೆ ಶೇ. 4. ಸಣ್ಣ ಮೋಟಾರುಗಳಲ್ಲಿ ಇದು ಹೆಚ್ಚು, ನೂರಾರು ಕಿಲೋವ್ಯಾಟ್‌ನ ದೊಡ್ಡವುಗಳಲ್ಲಿ ಶೇ. 1ಕ್ಕೂ ಕಡಿಮೆ. ನೇಮ್‌ಪ್ಲೇಟಿನ ಅಂಕಿ ಪೂರ್ತಿ ಲೋಡಿನದು ಎಂಬುದನ್ನೂ ಗಮನಿಸಿ. ಅದೇ ಮೋಟಾರು ಲೋಡಿಲ್ಲದೆ ಓಡುವಾಗ 1490ರ ಆಸುಪಾಸಿನಲ್ಲಿರುತ್ತದೆ.

ಮೂರು ಪೋಲ್, ಐದು ಪೋಲ್‌ನ ಮೋಟಾರು ಏಕಿಲ್ಲ?

ಉತ್ತರ ಧ್ರುವ ಇದ್ದಲ್ಲಿ ಅದಕ್ಕೊಂದು ದಕ್ಷಿಣ ಧ್ರುವ ಇರಲೇಬೇಕು. ಜೋಡಿ ಬಿಟ್ಟು ಒಂಟಿ ಧ್ರುವ ಸಿಗುವುದಿಲ್ಲ, ಹಾಗಾಗಿ ಪೋಲ್‌ಗಳ ಸಂಖ್ಯೆ ಯಾವಾಗಲೂ ಸಮ. ಕೆಲವು ಪುಸ್ತಕಗಳು ಪೋಲ್‌ಗಳ ಬದಲು ಜೋಡಿಗಳನ್ನು ಎಣಿಸುತ್ತವೆ. ಅಲ್ಲಿ ಸೂತ್ರದಲ್ಲಿ 120ರ ಜಾಗದಲ್ಲಿ 60 ಇರುತ್ತದೆ. ಎರಡನ್ನೂ ಬೆರೆಸಿದರೆ ಉತ್ತರ ನೇರ ಎರಡು ಪಟ್ಟು ಅಥವಾ ಅರ್ಧ ಬರುತ್ತದೆ.

50 ಹರ್ಟ್ಸ್‌ನಲ್ಲಿ 3000ಕ್ಕಿಂತ ಜೋರಾಗಿ ತಿರುಗುವ ಇಂಡಕ್ಷನ್ ಮೋಟಾರು ಸಿಗುತ್ತದೆಯೇ?

ನೇರ ಲೈನಿಗೆ ಹಾಕುವಂಥದ್ದು ಸಿಗುವುದಿಲ್ಲ. ಎರಡಕ್ಕಿಂತ ಕಡಿಮೆ ಪೋಲ್ ಇಲ್ಲವಲ್ಲ. ಇದಕ್ಕಿಂತ ವೇಗ ಬೇಕಾದರೆ ಪುಲ್ಲಿ ಅಥವಾ ಗೇರು ಹಾಕಬೇಕು, ಇಲ್ಲವೇ ಫ್ರೀಕ್ವೆನ್ಸಿ ಏರಿಸಬೇಕು. ವಿಮಾನಗಳ ಒಳಗೆ 400 ಹರ್ಟ್ಸ್ ಬಳಸುವ ರೂಢಿಯಿದೆ. ಅಲ್ಲಿ 4 ಪೋಲ್‌ನ ಪುಟ್ಟ ಮೋಟಾರಿನ ಸಿಂಕ್ರೊನಸ್ ವೇಗವೇ 12,000. ಮಿಕ್ಸಿ, ಡ್ರಿಲ್ಲಿಂಗ್ ಯಂತ್ರ ಇದಕ್ಕಿಂತ ಜೋರಾಗಿ ತಿರುಗುತ್ತವಲ್ಲ ಎಂದು ಕೆಲವರು ವಾದಕ್ಕೆ ಬರುತ್ತಾರೆ. ಸಾಮಾನ್ಯವಾಗಿ ಅವುಗಳೊಳಗೆ ಇರುವುದು ಕಾರ್ಬನ್ ಬ್ರಷ್ ಇರುವ ಯೂನಿವರ್ಸಲ್ ಮೋಟಾರು, ಇಂಡಕ್ಷನ್ ಅಲ್ಲ.

## ಕೈಯಲ್ಲಿರುವ ಮೋಟಾರಿನ ಮುಂದೆ ಕುಳಿತಾಗ

ನೇಮ್‌ಪ್ಲೇಟ್ ಅಳಿಸಿಹೋಗಿದೆ. ಎಷ್ಟು ಪೋಲ್ ಎಂದು ಹೇಗೆ ಕಂಡುಹಿಡಿಯುವುದು?

ಮೋಟಾರು ಓಡುವ ಸ್ಥಿತಿಯಲ್ಲಿದ್ದರೆ ಲೋಡು ಬಿಚ್ಚಿ ಓಡಿಸಿ, ಟ್ಯಾಕೊಮೀಟರ್ (ಸುತ್ತು ಅಳೆಯುವ ಉಪಕರಣ) ಹಿಡಿಯಿರಿ. 1490ರ ಹತ್ತಿರ ಬಂದರೆ 4 ಪೋಲ್, 990ರ ಹತ್ತಿರ ಬಂದರೆ 6. ಅನುಮಾನಕ್ಕೆ ಆಸ್ಪದವಿಲ್ಲ, ಏಕೆಂದರೆ 1500ಕ್ಕೂ 1000ಕ್ಕೂ ನಡುವೆ ಇನ್ನೊಂದು ಮೆಟ್ಟಿಲಿಲ್ಲ.

ಸುಟ್ಟುಹೋಗಿದ್ದರೆ ಮುಚ್ಚಳ ಬಿಚ್ಚಿ, ಸ್ಲಾಟಿನ (ಕಾಯಿಲ್ ಕೂರುವ ಕಬ್ಬಿಣದ ಸೀಳು) ಹೊರಗೆ ಬಾಗಿರುವ ಕಾಯಿಲ್ ತುದಿಗಳನ್ನು ನೋಡಿ. ಒಂದು ಕಾಯಿಲ್ ಹೊರಬರುವ ಸ್ಲಾಟಿಗೆ ಸೀಮೆಸುಣ್ಣದಿಂದ 1 ಎಂದು ಗುರುತು ಹಾಕಿ, ಅದರ ಇನ್ನೊಂದು ಬದಿ ಯಾವ ಸ್ಲಾಟಿನೊಳಗೆ ಇಳಿಯುತ್ತದೆ ಎಂದು ಬೆರಳಿಟ್ಟು ಎಣಿಸುತ್ತಾ ಹೋಗಿ. 36 ಸ್ಲಾಟಿನ ಸ್ಟೇಟರ್‌ನಲ್ಲಿ 1ರಿಂದ ಹೊರಟ ಕಾಯಿಲ್ 9ಕ್ಕೆ ಇಳಿದರೆ ಅದು ದಾಟಿದ್ದು 8 ಸ್ಲಾಟು. 36 ÷ 8 = 4.5. ಬಂದ ಉತ್ತರಕ್ಕಿಂತ ಕೆಳಗಿನ ಸಮಸಂಖ್ಯೆ ಹಿಡಿಯಿರಿ: 4 ಪೋಲ್. ಕೆಳಗಿನದೇ ಏಕೆಂದರೆ, ತಾಮ್ರ ಉಳಿಸಲೂ ಹಾರ್ಮೋನಿಕ್ (ಮುಖ್ಯ ಅಲೆಯ ಜೊತೆ ಹುಟ್ಟುವ ಬೇಡದ ಸಣ್ಣ ಅಲೆಗಳು) ತಗ್ಗಿಸಲೂ ಕಾಯಿಲನ್ನು ಪೂರ್ತಿ ಪೋಲ್‌ನ ಅಗಲಕ್ಕಿಂತ ಒಂದೆರಡು ಸ್ಲಾಟು ಗಿಡ್ಡವಾಗಿ ಕಟ್ಟುವುದು ವಾಡಿಕೆ. ಒಂದರೊಳಗೊಂದು ಕೂರಿಸಿದ ಕಾಯಿಲ್‌ಗಳಾದರೆ ಗುಂಪಿನ ಸರಾಸರಿ ತೆಗೆದುಕೊಳ್ಳಿ.

ಪಳಗಿದ ಕಣ್ಣಿಗೆ ಎಣಿಕೆಯೂ ಬೇಡ. 2 ಪೋಲ್‌ನ ಕಾಯಿಲ್ ತುದಿಗಳು ಸ್ಟೇಟರ್‌ನ ಹೆಚ್ಚುಕಡಿಮೆ ಅರ್ಧ ವೃತ್ತವನ್ನೇ ಬಳಸಿ ದಪ್ಪ ತುರುಬಿನಂತೆ ಹೊರಗೆ ಉಬ್ಬಿರುತ್ತವೆ. 8 ಪೋಲ್‌ನವು ಗಿಡ್ಡವಾಗಿ, ಮಾಲೆ ಕಟ್ಟಿದ ಹಾಗೆ ಅಚ್ಚುಕಟ್ಟಾಗಿ ಕೂತಿರುತ್ತವೆ.

ಟ್ಯಾಕೊಮೀಟರ್ ಇಲ್ಲದೆ ಸ್ಲಿಪ್ ಅಳೆಯಬಹುದೇ?

ಅಳೆಯಬಹುದು, ನನಗೆ ತುಂಬ ಇಷ್ಟವಾದ ಪ್ರಯೋಗವೂ ಇದೇ. ಬೇಕಾದ್ದು ಒಂದು ಚೂರು ಸೀಮೆಸುಣ್ಣ ಮತ್ತು ಹಳೆಯ ತಾಮ್ರದ ಚೋಕ್ ಇರುವ ಟ್ಯೂಬ್‌ಲೈಟ್. ಒಳ್ಳೆಯ ಎಲ್‌ಇಡಿ ದೀಪದಲ್ಲಿ ಇದು ಆಗುವುದಿಲ್ಲ, ಏಕೆಂದರೆ ಅದು ಮಿನುಗುವುದಿಲ್ಲ. ಚೋಕ್ ಇರುವ ಟ್ಯೂಬ್ 50 ಹರ್ಟ್ಸ್‌ನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ ಅಷ್ಟೇ.

ಮೋಟಾರು ನಿಂತಿರುವಾಗಲೇ ಶಾಫ್ಟಿನ ತುದಿಯ ಮೇಲೆ ನಡುವಿನಿಂದ ಅಂಚಿಗೆ ಒಂದು ಗೆರೆ ಎಳೆಯಿರಿ. ಬೇರೆ ಬೆಳಕು ಆರಿಸಿ ಮೋಟಾರು ಓಡಿಸಿ. 4 ಪೋಲ್‌ನ ಮೋಟಾರು ಸರಿಯಾಗಿ 1500ರಲ್ಲಿ ಓಡಿದ್ದರೆ ಸೆಕೆಂಡಿಗೆ 25 ಸುತ್ತು, ಅಂದರೆ ಎರಡು ಮಿನುಗುಗಳ ನಡುವೆ ಕಾಲು ಸುತ್ತು. ಎಳೆದದ್ದು ಒಂದೇ ಗೆರೆಯಾದರೂ ಕಾಣುವುದು ನಾಲ್ಕು ಕಡ್ಡಿಗಳ ಶಿಲುಬೆ. ಮೋಟಾರು ತುಸು ಹಿಂದುಳಿಯುವುದರಿಂದ ಆ ಶಿಲುಬೆ ನಿಂತಲ್ಲಿ ನಿಲ್ಲದೆ, ಶಾಫ್ಟು ತಿರುಗುವ ದಿಕ್ಕಿಗೆ ವಿರುದ್ಧವಾಗಿ ಮೆಲ್ಲಗೆ ತೇಲುತ್ತದೆ. ಬೇರಿಂಗ್ ಮುಚ್ಚಳದ ಒಂದು ಬೋಲ್ಟನ್ನು ಗುರುತಾಗಿಟ್ಟುಕೊಂಡು, ಅದರ ಎದುರು ಹಾದುಹೋಗುವ ಕಡ್ಡಿಗಳನ್ನು ಎಣಿಸಿ. 30 ಸೆಕೆಂಡಿನಲ್ಲಿ 80 ಕಡ್ಡಿ ಹೋದರೆ ನಿಮಿಷಕ್ಕೆ 160. ನಾಲ್ಕು ಕಡ್ಡಿಗೆ ಒಂದು ಸುತ್ತು, ಆದ್ದರಿಂದ ಸ್ಲಿಪ್ ನಿಮಿಷಕ್ಕೆ 40 ಸುತ್ತು. ಮೋಟಾರಿನ ವೇಗ 1460. ಲೋಡು ಏರಿಸಿ ನೋಡಿ, ಶಿಲುಬೆ ಹಿಮ್ಮುಖವಾಗಿ ಇನ್ನಷ್ಟು ಬೇಗ ಹೋಗುವುದು ಕಣ್ಣೆದುರೇ ಕಾಣುತ್ತದೆ. 6 ಪೋಲ್ ಆದರೆ ಆರು ಕಡ್ಡಿ, 2 ಪೋಲ್ ಆದರೆ ಎರಡು.

ಎಚ್ಚರಿಕೆಯ ಮಾತೊಂದು. ಓಡುವ ಯಂತ್ರ ನಿಂತ ಹಾಗೆ ಕಾಣುವುದು ಪ್ರಯೋಗದಲ್ಲಿ ಚೆಂದ, ಕೆಲಸದ ಜಾಗದಲ್ಲಿ ಅಪಾಯ. ಲೇತ್ ಯಂತ್ರದ ಮೇಲೆ ಇಂಥ ಟ್ಯೂಬ್ ಒಂದನ್ನೇ ಹಾಕಬಾರದು ಎನ್ನುವುದು ಇದೇ ಕಾರಣಕ್ಕೆ.

ಸ್ಟೇಟರ್‌ನಲ್ಲಿ 4 ಪೋಲ್ ಇದ್ದರೆ ರೋಟರ್‌ನಲ್ಲಿ ಎಷ್ಟು?

ಪಂಜರದ ರೋಟರ್‌ಗೆ ತನ್ನದೇ ಆದ ಪೋಲ್ ಸಂಖ್ಯೆ ಇಲ್ಲ. ಸ್ಟೇಟರ್ ಎಷ್ಟು ಪೋಲ್ ತೋರಿಸುತ್ತದೋ ಅಷ್ಟನ್ನೇ ತನ್ನ ಸರಳುಗಳಲ್ಲಿ ಮೂಡಿಸಿಕೊಳ್ಳುತ್ತದೆ. ಎರಡು ವೇಗದ ಮೋಟಾರು ಸಾಧ್ಯವಾಗಿರುವುದು ರೋಟರ್‌ನ ಈ ಗುಣದಿಂದ. ಸ್ಲಿಪ್ ರಿಂಗ್ (ರೋಟರ್‌ನ ತಂತಿಯನ್ನು ಹೊರಗೆ ಜೋಡಿಸುವ ಬಳೆ) ಇರುವ, ವೈಂಡಿಂಗ್ ಮಾಡಿದ ರೋಟರ್ ಹಾಗಲ್ಲ. ಅದನ್ನು ಸ್ಟೇಟರ್‌ನಷ್ಟೇ ಪೋಲ್‌ಗೆ ಕಟ್ಟಬೇಕು.

ವೋಲ್ಟೇಜು ಕಡಿಮೆಯಾದಾಗ ಮೋಟಾರು ನಿಧಾನವಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೂ ವೋಲ್ಟೇಜಿಗೂ ವೇಗಕ್ಕೂ ಸಂಬಂಧವಿಲ್ಲ ಎನ್ನುತ್ತೀರಾ?

ಸಿಂಕ್ರೊನಸ್ ವೇಗಕ್ಕೆ ಸಂಬಂಧವಿಲ್ಲ, ಸ್ಲಿಪ್‌ಗೆ ಇದೆ. ಮೋಟಾರಿನ ಟಾರ್ಕ್, ಅಂದರೆ ತಿರುಗಿಸುವ ಬಲ, ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ವೋಲ್ಟೇಜು ಶೇ. 10 ಬಿದ್ದರೆ, ಅದೇ ಸ್ಲಿಪ್‌ನಲ್ಲಿ ಸಿಗುವ ಟಾರ್ಕ್ ಶೇ. 81ಕ್ಕೆ ಇಳಿಯುತ್ತದೆ. ಲೋಡು ಮಾತ್ರ ಕಡಿಮೆಯಾಗಿಲ್ಲ. ಆದ್ದರಿಂದ ರೋಟರ್ ಇನ್ನಷ್ಟು ಹಿಂದೆ ಬಿದ್ದು ಕೊರತೆ ತುಂಬಿಕೊಳ್ಳುತ್ತದೆ: ಸ್ಲಿಪ್ 60 ಸುತ್ತಿನಿಂದ ಸುಮಾರು 74ಕ್ಕೆ ಏರಿ, ವೇಗ 1440ರಿಂದ 1426ಕ್ಕೆ ಬರುತ್ತದೆ. ಶೇ. 10 ವೋಲ್ಟೇಜಿಗೆ ವೇಗದಲ್ಲಿ ಶೇ. 1 ಮಾತ್ರ ನಷ್ಟ.

ನೀವು ಕಣ್ಣಾರೆ ಕಂಡದ್ದು ಬಹುಶಃ ವೋಲ್ಟೇಜು ಅತಿಯಾಗಿ ಕುಸಿದು, ಮೋಟಾರು ಲೋಡನ್ನು ಹಿಡಿದಿಡಲಾರದೆ ನಿಲ್ಲುವ ಹಂತ. ಅಲ್ಲಿ ವೇಗದ ಚಿಂತೆ ಮಾಡುವಷ್ಟರಲ್ಲಿ ವೈಂಡಿಂಗ್ ಸುಟ್ಟ ವಾಸನೆ ಬಂದಿರುತ್ತದೆ.

ಹಾಗಾದರೆ ಸೀಲಿಂಗ್ ಫ್ಯಾನಿನ ರೆಗ್ಯುಲೇಟರು ವೇಗ ಕಡಿಮೆ ಮಾಡುವುದು ಹೇಗೆ?

ಇದು ಮೇಲಿನ ಮಾತಿಗೆ ಎದುರಾಗಿ ತಂದಿಡುವ ಪ್ರಶ್ನೆ, ನ್ಯಾಯವಾದದ್ದೇ. ಹಳೆಯ ಮಾದರಿಯ ಸೀಲಿಂಗ್ ಫ್ಯಾನು ಕೂಡ ಇಂಡಕ್ಷನ್ ಮೋಟಾರೇ, ಆದರೆ ಒಳಹೊರಗು ಅದಲುಬದಲು: ಸ್ಟೇಟರ್ ಒಳಗೆ, ರೋಟರ್ ಹೊರಗೆ. 14 ಪೋಲ್‌ನ ಫ್ಯಾನಿಗೆ 50 ಹರ್ಟ್ಸ್‌ನಲ್ಲಿ ಸಿಂಕ್ರೊನಸ್ ವೇಗ ಸುಮಾರು 428. ಅದರ ರೋಟರ್‌ನ ಪ್ರತಿರೋಧವನ್ನು ಬೇಕೆಂದೇ ಹೆಚ್ಚಿಟ್ಟಿರುತ್ತಾರೆ, ಹಾಗಾಗಿ ಪೂರ್ತಿ ವೋಲ್ಟೇಜಿನಲ್ಲೂ ಸ್ಲಿಪ್ ದೊಡ್ಡದು. ಇನ್ನೊಂದು ಕಡೆ, ರೆಕ್ಕೆಗೆ ಬೇಕಾದ ಟಾರ್ಕ್ ವೇಗದ ವರ್ಗದಂತೆ ಇಳಿಯುತ್ತದೆ. ವೇಗ ಅರ್ಧವಾದರೆ ಟಾರ್ಕ್ ಕಾಲು ಭಾಗ ಸಾಕು. ವೋಲ್ಟೇಜು ತಗ್ಗಿಸಿದಾಗ ಮೋಟಾರಿನ ಬಲ ಮತ್ತು ಗಾಳಿಯ ಬೇಡಿಕೆ ಎರಡೂ ಇಳಿದು ನಡುವೆ ಎಲ್ಲೋ ರಾಜಿಯಾಗುತ್ತವೆ. ಒಟ್ಟಿನಲ್ಲಿ ಸ್ಲಿಪ್ ಹೆಚ್ಚಿಸಿ ವೇಗ ತಗ್ಗಿಸುವ ಉಪಾಯ ಇದು. ಫ್ಯಾನು ಬಳಸುವ ಶಕ್ತಿಯೇ ಅಲ್ಪವಾದ್ದರಿಂದ ರೋಟರ್‌ನಲ್ಲಿ ಹುಟ್ಟುವ ಶಾಖವನ್ನು ಸಹಿಸಬಹುದು. ಇದನ್ನೇ ಕಂಪ್ರೆಸರ್ ಅಥವಾ ಕನ್ವೇಯರ್‌ನ ಮೋಟಾರಿಗೆ ಮಾಡಲು ಹೋಗಬೇಡಿ.

ಸ್ಟಾರ್‌ನಲ್ಲಿ ನಿಧಾನ, ಡೆಲ್ಟಾದಲ್ಲಿ ಜೋರು ಎಂದು ಕೇಳಿದ್ದೇನೆ.

ತಪ್ಪು. ಸ್ಟಾರ್, ಡೆಲ್ಟಾ ಎಂದರೆ ಮೂರು ಫೇಸಿನ ವೈಂಡಿಂಗುಗಳನ್ನು ಜೋಡಿಸುವ ಎರಡು ಬಗೆ. ಎರಡರಲ್ಲೂ ಪೋಲ್ ಅಷ್ಟೇ, ಫ್ರೀಕ್ವೆನ್ಸಿ ಅಷ್ಟೇ. ಸ್ಟಾರ್‌ನಲ್ಲಿ ಪ್ರತಿ ವೈಂಡಿಂಗಿಗೆ ಸಿಗುವ ವೋಲ್ಟೇಜು ಕಡಿಮೆ, ಟಾರ್ಕ್ ಮೂರನೇ ಒಂದು ಭಾಗ. ಆದ್ದರಿಂದ ಏಳುವುದು ನಿಧಾನ, ಅಷ್ಟೇ. ಎರಡು ಫೇಸ್ ಅದಲುಬದಲು ಮಾಡಿದರೂ ಬದಲಾಗುವುದು ದಿಕ್ಕು, ವೇಗವಲ್ಲ.

ಎರಡೂ 7.5 ಕಿಲೋವ್ಯಾಟ್. ಒಂದು ಮಾತ್ರ ಅಷ್ಟು ದಪ್ಪ ಮತ್ತು ದುಬಾರಿ ಏಕೆ?

ದಪ್ಪಗಿರುವುದರಲ್ಲಿ ಪೋಲ್ ಹೆಚ್ಚಿರಬೇಕು. ಮೋಟಾರಿನ ಗಾತ್ರವನ್ನು ನಿರ್ಧರಿಸುವುದು ಕಿಲೋವ್ಯಾಟ್ ಅಲ್ಲ, ಟಾರ್ಕ್. ಅದೇ ಶಕ್ತಿಯನ್ನು ನಿಧಾನವಾಗಿ ಕೊಡಬೇಕಾದರೆ ಹೆಚ್ಚು ಟಾರ್ಕ್ ಬೇಕು, ಹೆಚ್ಚು ಟಾರ್ಕಿಗೆ ಹೆಚ್ಚು ಕಬ್ಬಿಣ, ಹೆಚ್ಚು ತಾಮ್ರ. 7.5 ಕಿಲೋವ್ಯಾಟ್ ಎಂದರೆ 1440 ಸುತ್ತಿನಲ್ಲಿ ಸುಮಾರು 50 ನ್ಯೂಟನ್ ಮೀಟರ್, 960 ಸುತ್ತಿನಲ್ಲಿ ಸುಮಾರು 75. ಐಇಸಿ (ವಿದ್ಯುತ್ ಉಪಕರಣಗಳ ಅಂತರರಾಷ್ಟ್ರೀಯ ಮಾನಕ ಸಂಸ್ಥೆ) ಅಳತೆಯ ಸಾಮಾನ್ಯ ಪಟ್ಟಿಯಲ್ಲಿ 7.5 ಕಿಲೋವ್ಯಾಟ್‌ನ 4 ಪೋಲ್ ಮೋಟಾರು 132ರ ಫ್ರೇಮಿನಲ್ಲಿ ಕೂರುತ್ತದೆ, 6 ಪೋಲ್‌ನದು 160ರದ್ದನ್ನು ಕೇಳುತ್ತದೆ. ಈ ಅಂಕಿ ಪಾದದಿಂದ ಶಾಫ್ಟಿನ ನಡುವಿನವರೆಗಿನ ಎತ್ತರ, ಮಿಲಿಮೀಟರಿನಲ್ಲಿ. ಪೋಲ್ ಹೆಚ್ಚಿದಂತೆ ಪವರ್ ಫ್ಯಾಕ್ಟರ್ (ಎಳೆದ ಪ್ರವಾಹದಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಕೂಡ ಇಳಿಯುತ್ತದೆ, ಏಕೆಂದರೆ ಕಾಂತಕ್ಷೇತ್ರ ಹುಟ್ಟಿಸಲು ಬೇಕಾಗುವ ಪ್ರವಾಹದ ಪಾಲು ಹೆಚ್ಚು.

ಸುಟ್ಟ ಮೋಟಾರಿನ ಜಾಗಕ್ಕೆ ಅದೇ ಕಿಲೋವ್ಯಾಟ್‌ನ ಹೊಸದನ್ನು ತಂದು ಹಾಕಿದೆವು. ಓವರ್‌ಲೋಡ್ ರಿಲೇ (ಹೊರೆ ಮೀರಿದರೆ ಮೋಟಾರನ್ನು ನಿಲ್ಲಿಸುವ ಸಾಧನ) ಬೀಳುತ್ತಲೇ ಇದೆ.

ಹಳೆಯದರ ಪೋಲ್ ನೋಡಿದಿರಾ? ಇದೇ ದೂರಿನ ಮೇಲೆ ಒಮ್ಮೆ ಒಂದು ಪಂಪಿನ ಮುಂದೆ ನಿಂತಿದ್ದೆ. ಅಲ್ಲಿದ್ದವರು ರಿಲೇಯ ಸೆಟ್ಟಿಂಗನ್ನು ಎರಡು ಸಲ ಏರಿಸಿ, ಮೂರನೆಯ ಸಲಕ್ಕೆ ಸ್ಕ್ರೂಡ್ರೈವರ್ ಹಿಡಿದಿದ್ದರು. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಮೋಟಾರಿನ ಫಲಕದ ಎಣ್ಣೆ ಒರೆಸಿ ನೋಡಿದರೆ 960, ಹೊಸದರಲ್ಲಿ 1440. ವೇಗ ಒಂದೂವರೆ ಪಟ್ಟು. ಸೆಂಟ್ರಿಫ್ಯೂಗಲ್ ಪಂಪಿಗೆ ಬೇಕಾಗುವ ಶಕ್ತಿ ವೇಗದ ಘನದಂತೆ ಏರುತ್ತದೆ: 1.5ರ ಘನ 3.4ರ ಹತ್ತಿರ. ಮೂರು ಪಟ್ಟಿಗೂ ಹೆಚ್ಚು ಶಕ್ತಿ ಕೇಳುತ್ತಿದ್ದ ಪಂಪಿನ ಮುಂದೆ, ರಿಲೇ ಒಂದೇ ಬುದ್ಧಿವಂತಿಕೆಯಿಂದ ವರ್ತಿಸುತ್ತಿತ್ತು.

## ಫ್ರೀಕ್ವೆನ್ಸಿಯನ್ನು ಮುಟ್ಟಿದಾಗ

60 ಹರ್ಟ್ಸ್ ಎಂದು ಬರೆದಿರುವ ಯಂತ್ರವನ್ನು 50 ಹರ್ಟ್ಸ್‌ನಲ್ಲಿ ಓಡಿಸಬಹುದೇ?

ವೇಗ ಆರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, 1800ರ ಜಾಗದಲ್ಲಿ 1500. ಅದಕ್ಕಿಂತ ಮುಖ್ಯವಾದ ಪ್ರಶ್ನೆ ವೋಲ್ಟೇಜಿನದು. ಕಬ್ಬಿಣದಲ್ಲಿ ಎಷ್ಟು ಕಾಂತಪ್ರವಾಹ ತುಂಬುತ್ತದೆ ಎಂಬುದು ವೋಲ್ಟೇಜನ್ನು ಫ್ರೀಕ್ವೆನ್ಸಿಯಿಂದ ಭಾಗಿಸಿದ ಅಂಕಿಯ ಮೇಲೆ ನಿಂತಿದೆ. 460 ವೋಲ್ಟ್, 60 ಹರ್ಟ್ಸ್‌ನ ಮೋಟಾರಿಗೆ ಅದು 7.67. 50 ಹರ್ಟ್ಸ್‌ನಲ್ಲಿ ಅದೇ ಅನುಪಾತ ಬರಬೇಕಾದರೆ 383 ವೋಲ್ಟ್ ಕೊಡಬೇಕು. 380 ವೋಲ್ಟ್ ಇರುವಲ್ಲಿ ಆರಾಮವಾಗಿ ಓಡುತ್ತದೆ. 415 ವೋಲ್ಟ್ ಇರುವಲ್ಲಿ ಕಬ್ಬಿಣಕ್ಕೆ ಶೇ. 8ರಷ್ಟು ಹೆಚ್ಚು ಹೊರೆ, ಬಿಸಿ ಹೆಚ್ಚು. ತಂಪು ಮಾಡುವ ಫ್ಯಾನೂ ನಿಧಾನವಾಗಿರುತ್ತದೆ ಎಂಬುದನ್ನು ಇದರ ಜೊತೆಗೆ ಸೇರಿಸಿಕೊಳ್ಳಿ. ಪೂರ್ತಿ ಶಕ್ತಿಯನ್ನು ನಿರೀಕ್ಷಿಸಬಾರದು. ಅದೇ ಟಾರ್ಕಿಗೆ ಶೇ. 83 ಮಾತ್ರ.

ತಿರುಗುಮುರುಗಾದರೆ, ಅಂದರೆ 50ರ ಯಂತ್ರವನ್ನು 60ಕ್ಕೆ ಹಾಕಿದರೆ, ಅಪಾಯ ಮೋಟಾರಿನಲ್ಲಲ್ಲ, ಅದು ಎಳೆಯುವ ವಸ್ತುವಿನಲ್ಲಿ. ಪಂಪು ಅಥವಾ ಬ್ಲೋವರ್ ಶೇ. 20 ಜೋರಾಗಿ ತಿರುಗಿ, ಶೇ. 73 ಹೆಚ್ಚು ಶಕ್ತಿ ಕೇಳುತ್ತದೆ.

ಜಗತ್ತಿಗೆಲ್ಲ ಒಂದೇ ಫ್ರೀಕ್ವೆನ್ಸಿ ಏಕಿಲ್ಲ?

ಚರಿತ್ರೆಯ ಗೋಜಲು. ಅಮೆರಿಕದಲ್ಲಿ ವೆಸ್ಟಿಂಗ್‌ಹೌಸ್ ಕಂಪನಿ 60ರ ಕಡೆಗೆ, ಜರ್ಮನಿಯಲ್ಲಿ ಎಇಜಿ ಕಂಪನಿ 50ರ ಕಡೆಗೆ ವಾಲಿದವು. ಉಳಿದವರು ಯಾರಿಂದ ಯಂತ್ರ ತರಿಸಿಕೊಂಡರೋ ಅವರ ದಾರಿ ಹಿಡಿದರು. ಜಪಾನ್ ಎರಡೂ ಕಡೆಯಿಂದ ತರಿಸಿಕೊಂಡಿತು, ಹಾಗಾಗಿ ಇಂದಿಗೂ ಅದರ ಪೂರ್ವ ಭಾಗ 50, ಪಶ್ಚಿಮ ಭಾಗ 60. ನಯಾಗರದ ಮೊದಲ ದೊಡ್ಡ ವಿದ್ಯುದಾಗಾರ 1895ರಲ್ಲಿ 25 ಹರ್ಟ್ಸ್‌ನಲ್ಲಿ ಶುರುವಾಗಿತ್ತು. ಅಲ್ಲಿ ಯಾವ ಇಂಡಕ್ಷನ್ ಮೋಟಾರೂ 1500 ದಾಟುವಂತಿರಲಿಲ್ಲ.

ವಿಎಫ್‌ಡಿ (ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್) ಇರುವುದು ಫ್ರೀಕ್ವೆನ್ಸಿ ಬದಲಿಸಲು. ಅದು ವೋಲ್ಟೇಜನ್ನೂ ಏಕೆ ಇಳಿಸುತ್ತದೆ?

ಇಳಿಸದಿದ್ದರೆ ಕಬ್ಬಿಣ ತುಂಬಿ ತುಳುಕುತ್ತದೆ. 400 ವೋಲ್ಟ್, 50 ಹರ್ಟ್ಸ್‌ನ ಮೋಟಾರಿಗೆ ಪ್ರತಿ ಹರ್ಟ್ಸ್‌ಗೆ 8 ವೋಲ್ಟ್ ಪಾಲು. 25 ಹರ್ಟ್ಸ್‌ಗೆ ಇಳಿಸಿದಾಗ 200 ವೋಲ್ಟ್ ಸಾಕು. 400ನ್ನೇ ಕೊಟ್ಟರೆ ಕಬ್ಬಿಣ ಪೂರ್ತಿ ಸ್ಯಾಚುರೇಟ್ ಆಗಿ, ಪ್ರವಾಹ ಮಿತಿಮೀರಿ ಏರುತ್ತದೆ. ತೀರಾ ಕಡಿಮೆ ಫ್ರೀಕ್ವೆನ್ಸಿಯಲ್ಲಿ ಮಾತ್ರ ಈ ಅನುಪಾತಕ್ಕಿಂತ ತುಸು ಹೆಚ್ಚು ಕೊಡಬೇಕಾಗುತ್ತದೆ, ಏಕೆಂದರೆ ಅಲ್ಲಿ ಸ್ಟೇಟರ್ ತಂತಿಯ ಪ್ರತಿರೋಧವೇ ಒಂದು ಪಾಲು ನುಂಗುತ್ತದೆ. ಡ್ರೈವಿನಲ್ಲಿರುವ ಬೂಸ್ಟ್ ಸೆಟ್ಟಿಂಗ್ ಇರುವುದು ಇದಕ್ಕೆ.

50 ದಾಟಿ ಮೇಲೆ ಹೋದಾಗ ಸಮಸ್ಯೆ ಉಲ್ಟಾ. ಲೈನಿನಲ್ಲಿ 400ಕ್ಕಿಂತ ಹೆಚ್ಚು ವೋಲ್ಟೇಜು ಇಲ್ಲ. ಫ್ರೀಕ್ವೆನ್ಸಿ ಏರುತ್ತದೆ, ವೋಲ್ಟೇಜು ನಿಲ್ಲುತ್ತದೆ, ಕಾಂತಕ್ಷೇತ್ರ ತೆಳುವಾಗುತ್ತದೆ. ವೇಗ ಸಿಗುತ್ತದೆ, ಟಾರ್ಕ್ ಕೈಬಿಡುತ್ತದೆ.

10 ಹರ್ಟ್ಸ್‌ಗೆ ಇಳಿಸಿದೆ. 300 ಬರಬೇಕಾದಲ್ಲಿ 240 ಬರುತ್ತಿದೆ. ಡ್ರೈವ್ ಕೆಟ್ಟಿದೆಯೇ?

ಡ್ರೈವ್ ಸರಿಯಿದೆ. ಹೆಚ್ಚಿನವರು ಇಲ್ಲಿ ಶೇ. 4ರ ಸ್ಲಿಪ್ಪನ್ನೇ ಹಿಡಿದು, 300ರಲ್ಲಿ 12 ಕಳೆದು 288ನ್ನು ನಿರೀಕ್ಷಿಸುತ್ತಾರೆ. ಸ್ಲಿಪ್ ಶೇಕಡಾ ಲೆಕ್ಕದಲ್ಲಿ ಒಂದೇ ಆಗಿರುವುದಿಲ್ಲ, ಸುತ್ತುಗಳ ಲೆಕ್ಕದಲ್ಲಿ ಒಂದೇ ಆಗಿರುತ್ತದೆ. ಕಾಂತಕ್ಷೇತ್ರದ ಬಲ ಅಷ್ಟೇ ಇದ್ದು, ಬೇಕಾದ ಟಾರ್ಕ್ ಅಷ್ಟೇ ಇದ್ದರೆ, ರೋಟರ್ ಸರಳುಗಳನ್ನು ಕ್ಷೇತ್ರ ಹಾದುಹೋಗುವ ವೇಗವೂ ಅಷ್ಟೇ ಇರಬೇಕು. 50 ಹರ್ಟ್ಸ್‌ನಲ್ಲಿ ಪೂರ್ತಿ ಟಾರ್ಕಿಗೆ 60 ಸುತ್ತು ಹಿಂದೆ ಬೀಳುತ್ತಿದ್ದ ಮೋಟಾರು 10ರಲ್ಲೂ 60 ಸುತ್ತು ಹಿಂದೆ ಬೀಳುತ್ತದೆ. 300 − 60 = 240, ನಿಮ್ಮ ಅಂಕಿಯೇ. ಡ್ರೈವಿನಲ್ಲಿ ಸ್ಲಿಪ್ ಕಾಂಪೆನ್ಸೇಶನ್ ಇದ್ದರೆ ಆನ್ ಮಾಡಿ. ಲೋಡು ಏರಿದಂತೆ ಅದು ಫ್ರೀಕ್ವೆನ್ಸಿಯನ್ನು ಎರಡು ಹರ್ಟ್ಸ್‌ವರೆಗೆ ಏರಿಸಿ ಸರಿದೂಗಿಸುತ್ತದೆ. ಇದೇ ವೇಗದಲ್ಲಿ, ಇದೇ ಲೋಡಿನಲ್ಲಿ ತಾಸುಗಟ್ಟಲೆ ಓಡಿಸುವುದಾದರೆ ಪ್ರತ್ಯೇಕ ಫ್ಯಾನು ಇಡಿ, ಶಾಫ್ಟಿನ ಮೇಲಿರುವ ಫ್ಯಾನಿನಿಂದ 240ರಲ್ಲಿ ಗಾಳಿಯೇ ಬರುವುದಿಲ್ಲ.

87 ಹರ್ಟ್ಸ್‌ನಲ್ಲಿ ಓಡಿಸುವ ಒಂದು ತಂತ್ರವಿದೆಯಂತೆ. ಈ ವಿಚಿತ್ರ ಅಂಕಿ ಎಲ್ಲಿಯದು?

50ನ್ನು 3ರ ವರ್ಗಮೂಲದಿಂದ ಗುಣಿಸಿ: 86.6. ನೇಮ್‌ಪ್ಲೇಟಿನಲ್ಲಿ ಡೆಲ್ಟಾಕ್ಕೆ 230, ಸ್ಟಾರ್‌ಗೆ 400 ಎಂದಿರುವ ಮೋಟಾರನ್ನು ಡೆಲ್ಟಾದಲ್ಲಿ ಜೋಡಿಸಿ 400 ವೋಲ್ಟ್‌ನ ಡ್ರೈವಿಗೆ ಕೊಡುತ್ತಾರೆ. 50 ಹರ್ಟ್ಸ್‌ನಲ್ಲಿ ಅದಕ್ಕೆ 230 ವೋಲ್ಟ್ ಸಾಕು. ಅದೇ ಅನುಪಾತ ಕಾಯ್ದುಕೊಂಡು ಹೋದರೆ 400 ವೋಲ್ಟ್ ಮುಟ್ಟುವುದು 87 ಹರ್ಟ್ಸ್‌ನಲ್ಲಿ. ಅಲ್ಲಿಯವರೆಗೂ ಪೂರ್ತಿ ಟಾರ್ಕ್ ಸಿಗುತ್ತದೆ, 4 ಪೋಲ್‌ಗೆ ಸಿಂಕ್ರೊನಸ್ ವೇಗ 2600ರ ಹತ್ತಿರ, ಶಕ್ತಿ 1.73 ಪಟ್ಟು. ಬಿಟ್ಟಿ ಏನೂ ಅಲ್ಲ: ಡ್ರೈವ್ ಡೆಲ್ಟಾದ ಹೆಚ್ಚಿನ ಪ್ರವಾಹವನ್ನು ತಾಳುವಂತಿರಬೇಕು, ಬೇರಿಂಗ್ ಮತ್ತು ರೋಟರ್ ಆ ವೇಗಕ್ಕೆ ಒಪ್ಪುತ್ತವೆಯೇ ಎಂದು ತಯಾರಕರನ್ನು ಕೇಳಿರಬೇಕು.

## ಇನ್ನೂ ಆಳಕ್ಕೆ ಹೋಗುವವರಿಗೆ

ಹೇಗೂ ರೀವೈಂಡಿಂಗ್ ಮಾಡಿಸುತ್ತಿದ್ದೇವೆ. 4 ಪೋಲ್‌ನದನ್ನು 2 ಪೋಲ್ ಮಾಡಿಸಿ ವೇಗ ಎರಡು ಪಟ್ಟು ಮಾಡಿಕೊಳ್ಳಬಹುದೇ?

ತಂತಿ ಕೂರಿಸುವುದು ಕಷ್ಟವಲ್ಲ, ಕಬ್ಬಿಣ ಒಪ್ಪುವುದಿಲ್ಲ. ಪೋಲ್ ಅರ್ಧವಾದರೆ ಪ್ರತಿ ಪೋಲ್‌ನ ಅಗಲ ಎರಡು ಪಟ್ಟು, ಅದರಿಂದ ಹೊರಡುವ ಕಾಂತಪ್ರವಾಹವೂ ಎರಡು ಪಟ್ಟು. ಅದು ಪಕ್ಕದ ಪೋಲ್‌ಗೆ ಮರಳುವುದು ಸ್ಲಾಟುಗಳ ಹಿಂದಿರುವ ಕಬ್ಬಿಣದ ಬಳೆಯ ಮೂಲಕ. 4 ಪೋಲ್‌ಗೆಂದು ಅಳೆದು ಮಾಡಿದ ಬಳೆ ತೆಳ್ಳಗಿರುತ್ತದೆ. ಅದು ಸ್ಯಾಚುರೇಟ್ ಆಗದಂತೆ ಕಾಂತಕ್ಷೇತ್ರವನ್ನು ತಗ್ಗಿಸಿದರೆ ಟಾರ್ಕ್ ಬೀಳುತ್ತದೆ, ಮಾಡಿದ ಖರ್ಚಿಗೆ ಅರ್ಥವಿಲ್ಲ. ರೋಟರ್‌ನ ಬ್ಯಾಲೆನ್ಸ್ ಮತ್ತು ಬೇರಿಂಗುಗಳ ಮಾತು ಬೇರೆ. ನನ್ನನ್ನು ಕೇಳಿದರೆ ಬೇಡ ಎನ್ನುತ್ತೇನೆ. ಪುಲ್ಲಿ ಬದಲಿಸಿ, ಇಲ್ಲವೇ ಡ್ರೈವ್ ಹಾಕಿ.

ಒಂದೇ ವೈಂಡಿಂಗಿನಲ್ಲಿ ಎರಡು ವೇಗ ಹೇಗೆ ಸಾಧ್ಯ?

ಪ್ರತಿ ಫೇಸಿನ ಕಾಯಿಲ್‌ಗಳನ್ನು ಎರಡು ಪಂಗಡ ಮಾಡಿ, ಒಂದು ಪಂಗಡದಲ್ಲಿ ಪ್ರವಾಹದ ದಿಕ್ಕನ್ನು ತಿರುಗಿಸಿದರೆ ಪೋಲ್‌ಗಳ ಸಂಖ್ಯೆ ಎರಡು ಪಟ್ಟಾಗುತ್ತದೆ. ಇದು ಡಾಲಾಂಡರ್ ವೈಂಡಿಂಗ್. ಸ್ವೀಡನ್ನಿನ ರಾಬರ್ಟ್ ಡಾಲಾಂಡರ್ 1897ರಲ್ಲಿ ಕಂಡುಕೊಂಡ ಉಪಾಯ. ಹೊರಗೆ ಆರು ತುದಿಗಳು ಬರುತ್ತವೆ, ಕಾಂಟ್ಯಾಕ್ಟರ್‌ಗಳು (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚುಗಳು) ಜೋಡಣೆ ಬದಲಿಸುತ್ತವೆ. ಸಿಗುವ ವೇಗಗಳು ಯಾವಾಗಲೂ ಒಂದಕ್ಕೆರಡು: 1500 ಮತ್ತು 750, ಅಥವಾ 3000 ಮತ್ತು 1500. ಆರು ತುದಿ ಕಂಡ ಕೂಡಲೇ ಸ್ಟಾರ್-ಡೆಲ್ಟಾ ಮೋಟಾರು ಎಂದುಕೊಂಡು ಜೋಡಿಸಿ ಸುಟ್ಟುಕೊಂಡವರಿದ್ದಾರೆ, ಫಲಕದಲ್ಲಿ ಎರಡು ವೇಗ ಬರೆದಿದೆಯೇ ಎಂದು ಮೊದಲು ನೋಡಿ.

1500 ಮತ್ತು 1000ದಂತಹ ಜೋಡಿ ಬೇಕಾದರೆ ಸಾಮಾನ್ಯವಾಗಿ ಎರಡು ಪ್ರತ್ಯೇಕ ವೈಂಡಿಂಗ್ ಹಾಕುತ್ತಾರೆ. ಒಂದೇ ವೈಂಡಿಂಗಿನಲ್ಲಿ ಇಂಥ ಹತ್ತಿರದ ವೇಗಗಳನ್ನು ಪಡೆಯುವ ಪೋಲ್ ಆಂಪ್ಲಿಟ್ಯೂಡ್ ಮಾಡ್ಯುಲೇಶನ್ ವಿಧಾನ 1950ರ ದಶಕದಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ರಾಕ್ಲಿಫ್ ಮತ್ತು ಸಂಗಡಿಗರಿಂದ ಬಂತು. ಡ್ರೈವ್‌ಗಳು ಅಗ್ಗವಾದ ಮೇಲೆ ಅದನ್ನು ಕೇಳುವವರು ಕಡಿಮೆ.

ಇಂಡಕ್ಷನ್ ಮೋಟಾರು ಸಿಂಕ್ರೊನಸ್ ವೇಗವನ್ನು ದಾಟಬಲ್ಲದೇ?

ತಾನಾಗಿ ದಾಟಲಾರದು, ಯಾರಾದರೂ ತಳ್ಳಿದರೆ ದಾಟುತ್ತದೆ. ಕ್ರೇನು ಭಾರವನ್ನು ಇಳಿಸುವಾಗ ಭಾರವೇ ಮೋಟಾರನ್ನು ಎಳೆದು 1500ರಿಂದ 1560ರ ಕಡೆಗೆ ಒಯ್ಯಬಹುದು. ಆ ಕ್ಷಣ ಸ್ಲಿಪ್ ಋಣಾತ್ಮಕ. ಮೋಟಾರು ಜನರೇಟರ್ ಆಗಿ ವಿದ್ಯುತ್ತನ್ನು ಲೈನಿಗೆ ಮರಳಿಸುತ್ತಾ ಬ್ರೇಕಿನಂತೆ ತಡೆಯುತ್ತದೆ. ಹಳೆಯ ತಲೆಮಾರಿನ ಅನೇಕ ಗಾಳಿಯಂತ್ರಗಳು ವಿದ್ಯುತ್ ಕೊಡುತ್ತಿದ್ದುದು ಹೀಗೆಯೇ.

ಹೆಚ್ಚು ದಕ್ಷತೆಯ ಹೊಸ ಮೋಟಾರು ಹಾಕಿದೆವು. ವಿದ್ಯುತ್ ಬಳಕೆ ಕಡಿಮೆಯಾಗುವ ಬದಲು ಹೆಚ್ಚಾಯಿತು. ಹೇಗೆ?

ಎಳೆಯುತ್ತಿರುವುದು ಪಂಪನ್ನೋ ಬ್ಲೋವರನ್ನೋ ಆಗಿರಬೇಕು. ರೋಟರ್‌ಗೆ ದಾಟುವ ಶಕ್ತಿಯಲ್ಲಿ ಸ್ಲಿಪ್‌ನಷ್ಟು ಪಾಲು ರೋಟರ್‌ನಲ್ಲೇ ಶಾಖವಾಗಿ ಹೋಗುತ್ತದೆ, ಸ್ಲಿಪ್ ಶೇ. 4 ಇದ್ದರೆ ಶೇ. 4 ಅಲ್ಲೇ ನಷ್ಟ. ದಕ್ಷತೆ ಹೆಚ್ಚಿಸಲು ತಯಾರಕರು ರೋಟರ್‌ನ ಪ್ರತಿರೋಧ ತಗ್ಗಿಸುತ್ತಾರೆ, ಅದರಿಂದ ಸ್ಲಿಪ್ ಇಳಿಯುತ್ತದೆ, ವೇಗ ಏರುತ್ತದೆ. ಹಳೆಯದು 1440ರಲ್ಲಿ ಓಡುತ್ತಿದ್ದು ಹೊಸದು 1465ರಲ್ಲಿ ಓಡಿದರೆ ವ್ಯತ್ಯಾಸ ಶೇ. 1.7 ಮಾತ್ರ, ಆದರೆ ಘನದ ಲೆಕ್ಕದಲ್ಲಿ ಪಂಪು ಶೇ. 5ರಷ್ಟು ಹೆಚ್ಚು ಶಕ್ತಿ ಎಳೆಯುತ್ತದೆ. ಮೋಟಾರು ಉಳಿಸಿದ್ದನ್ನು ಪಂಪು ತಿಂದುಹಾಕಿತು. ನೀರು ಹೆಚ್ಚು ಬರುತ್ತಿರುತ್ತದೆ, ಅದು ನಿಮಗೆ ಬೇಕಿಲ್ಲದಿದ್ದರೆ ಪುಲ್ಲಿಯ ಅಳತೆ ಬದಲಿಸಿ ಅಥವಾ ಇಂಪೆಲ್ಲರಿನ (ಪಂಪಿನೊಳಗೆ ತಿರುಗುವ ಚಕ್ರ) ಅಂಚು ಸ್ವಲ್ಪ ಕಡಿಸಿ.

1500ರ ಮೋಟಾರು 200ರ ಆಸುಪಾಸಿನಲ್ಲೇ ಗೊರಗೊರ ಎನ್ನುತ್ತಾ ನಿಂತುಬಿಡುತ್ತದೆ, ಮೇಲೇರುವುದೇ ಇಲ್ಲ. ಏನಿದು?

ಇದಕ್ಕೆ ಕ್ರಾಲಿಂಗ್, ಅಂದರೆ ತೆವಳುವುದು ಎನ್ನುತ್ತಾರೆ. ಸ್ಲಾಟುಗಳಲ್ಲಿ ಹಂಚಿಟ್ಟ ವೈಂಡಿಂಗಿನಿಂದ ಹುಟ್ಟುವ ಅಲೆ ಅಪ್ಪಟವಾಗಿರುವುದಿಲ್ಲ. ಮುಖ್ಯ ಅಲೆಯ ಜೊತೆಗೆ ಏಳು ಪಟ್ಟು ಪೋಲ್ ಇರುವ ಸಣ್ಣ ಅಲೆಯೊಂದು ಅದೇ ದಿಕ್ಕಿನಲ್ಲಿ ತಿರುಗುತ್ತಿರುತ್ತದೆ. ಪೋಲ್ ಏಳು ಪಟ್ಟಾದರೆ ವೇಗ ಏಳನೇ ಒಂದು ಭಾಗ: 1500 ÷ 7 = 214. ಏಳುವಾಗ ಲೋಡು ಭಾರವಾಗಿದ್ದು ಮುಖ್ಯ ಅಲೆಯ ಟಾರ್ಕ್ ಸಾಲದಿದ್ದರೆ, ರೋಟರ್ ಈ ಮರಿ ಅಲೆಗೆ ಸಿಕ್ಕಿ ಅದರ ವೇಗದಲ್ಲೇ ಉಳಿದುಬಿಡುತ್ತದೆ. ಒಳ್ಳೆಯ ಮೋಟಾರುಗಳಲ್ಲಿ ಕಾಯಿಲ್‌ಗಳನ್ನು ಗಿಡ್ಡವಾಗಿ ಕಟ್ಟಿ, ರೋಟರ್ ಸರಳುಗಳನ್ನು ಓರೆಯಾಗಿಟ್ಟು ಇದನ್ನು ಅಡಗಿಸಿರುತ್ತಾರೆ. ರೀವೈಂಡಿಂಗ್ ಆದ ಮೇಲೆ ಶುರುವಾಗಿದ್ದರೆ ಕಾಯಿಲ್ ಎಷ್ಟು ಸ್ಲಾಟು ದಾಟಿದೆ ಎಂದು ಹಳೆಯದಕ್ಕೆ ಹೋಲಿಸಿ ನೋಡಿ, ಜೊತೆಗೆ ಯಾವುದಾದರೂ ಕಾಯಿಲ್ ಗುಂಪು ತಿರುಗುಮುರುಗಾಗಿ ಜೋಡಣೆಯಾಗಿದೆಯೇ ಎಂಬುದನ್ನೂ ಪರೀಕ್ಷಿಸಿ.